ಮರದಿಂದ ಇಳಿಯುವ ಸಂಸಾರ: ತುಡುವೆ ಜೇನನ್ನು ಕೂರಿಸುವ ವಿದ್ಯೆ ಮತ್ತು ಅದರ ಮಾತು

'ಹಲಸಿನ ಮರದಲ್ಲಿ ಜೇನು ಇದೆ' ಎಂಬ ವಾಕ್ಯ ಯಾವ ಕನ್ನಡಿಗನಿಗೂ ಅರ್ಥವಾಗುತ್ತದೆ. ಆದರೆ ಆ ವಾಕ್ಯದಲ್ಲಿರುವ 'ಜೇನು' ಯಾವುದು ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. 'ಜೇನು ಕಚ್ಚಿತು' ಎಂದಾಗ ಅದು ನೊಣ. 'ಜೇನು ಸಿಹಿಯಾಗಿದೆ' ಎಂದಾಗ ಅದು ತುಪ್ಪ. 'ಜೇನು ಕಟ್ಟಿದೆ' ಎಂದಾಗ ಅದು ಗೂಡು. ನೊಣ, ತುಪ್ಪ, ಗೂಡು ಎಂಬ ಮೂರು ವಸ್ತುಗಳನ್ನು ಕನ್ನಡ ಒಂದೇ ಪದದಲ್ಲಿ ಹಿಡಿದಿಟ್ಟಿದೆ. ಪುಸ್ತಕ ಓದುವವನಿಗೆ ಈ ಅನೇಕಾರ್ಥದಿಂದ ತೊಡಕಿಲ್ಲ. ಎತ್ತರದ ಮರದ ಪೊಟರೆಯಿಂದ ಕಾಡುಜೇನಿನ ಕುಟುಂಬವೊಂದನ್ನು ಜೀವಂತವಾಗಿ ಇಳಿಸಿ ತರಬೇಕಾದವನಿಗೆ ಮಾತ್ರ ಈ ಮೂರನ್ನೂ ಬೇರೆ ಬೇರೆಯಾಗಿ ಅರಿಯುವುದೇ ವಿದ್ಯೆಯ ಮೊದಲ ಪಾಠ. ಯಾವ ಜೇನನ್ನು ಮೊದಲು ಮುಟ್ಟಬೇಕು, ಯಾವುದನ್ನು ಕೊನೆಗೆ ಬಿಡಬೇಕು ಎಂಬುದರ ಮೇಲೆ ಆ ಕುಟುಂಬದ ಉಳಿವು ನಿಂತಿದೆ.

ಕಾಸರಗೋಡಿನ ಅಡಕೆತೋಟಗಳ ಅಂಚಿನಲ್ಲಿ ಇಂದಿಗೂ ಬಳಕೆಯಲ್ಲಿರುವ ಈ ವಿದ್ಯೆಯನ್ನು ಅದರ ಪದಗಳ ಮೂಲಕ ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪದದ ನೆಲೆ

ತಮಿಳು ಮತ್ತು ಮಲಯಾಳಗಳ 'ತೇನ್', ತೆಲುಗಿನ 'ತೇನೆ', ಕನ್ನಡದ 'ಜೇನು' ಇವು ಒಂದೇ ದ್ರಾವಿಡ ಮೂಲದ ಜ್ಞಾತಿಪದಗಳು. ಆದರೆ ನೆರೆಯ ಭಾಷೆಗಳಲ್ಲಿ ಈ ಪದ ಮುಖ್ಯವಾಗಿ ತುಪ್ಪವನ್ನು ಹೇಳುತ್ತದೆ. ನೊಣವನ್ನು ಹೇಳಲು ತಮಿಳು 'ತೇನೀ' ಎಂದೂ ಮಲಯಾಳ 'ತೇನೀಚ್ಚ' ಎಂದೂ ತೆಲುಗು 'ತೇನೆಟೀಗ' ಎಂದೂ ಸಮಾಸ ಕಟ್ಟಿಕೊಂಡಿವೆ. ಮರಾಠಿಯಲ್ಲಿಯೂ 'ಮಧ' ಬೇರೆ, 'ಮಧಮಾಶೀ' ಬೇರೆ. ಕನ್ನಡದಲ್ಲಿ 'ಜೇನುನೊಣ', 'ಜೇನುತುಪ್ಪ' ಎಂಬ ಸಮಾಸಗಳು ಇದ್ದರೂ ಆಡುಮಾತು ಬರಿಯ 'ಜೇನು' ಎಂಬುದರಿಂದಲೇ ತೃಪ್ತವಾಗುತ್ತದೆ. ಗಡಿನಾಡಿನ ವಿದ್ಯಾರ್ಥಿ ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು ನುಡಿಯನ್ನು ಕೇಳುತ್ತ ಬೆಳೆಯುವುದರಿಂದ ಈ ವ್ಯತ್ಯಾಸ ಅವನ ಕಿವಿಗೆ ಬೇಗನೆ ಬೀಳುತ್ತದೆ.

ಗಡಿ ದಾಟಿದಾಗ ಹೆಸರೂ ಬದಲಾಗುತ್ತದೆ. ಕರ್ನಾಟಕದ ಕಾಡಂಚಿನಲ್ಲಿ 'ಜೇನುಕುರುಬ' ಎನಿಸಿಕೊಳ್ಳುವ ಸಮುದಾಯಕ್ಕೆ ಹತ್ತಿರದ ಸಂಬಂಧವುಳ್ಳವರು ವಯನಾಡಿನಲ್ಲಿ 'ಕಾಟ್ಟುನಾಯ್ಕ'ರೆಂದು ಹೆಸರಾಗಿದ್ದಾರೆ; 'ತೇನ್ ಕುರುಮ' ಎಂಬ ಹೆಸರೂ ಅವರಿಗೆ ಉಂಟು. ಅವರ ಮನೆಮಾತು ಕನ್ನಡಕ್ಕೆ ನಿಕಟವಾದುದು. ಒಂದೇ ಕಸುಬು, ಒಂದೇ ಕಾಡು. 'ಜೇನು' ಮತ್ತು 'ತೇನ್' ಎಂಬ ಎರಡು ಉಚ್ಚಾರಗಳ ನಡುವೆ ಒಂದು ರಾಜ್ಯದ ಗಡಿ ಹಾದುಹೋಗಿದೆ.

ನಾಲ್ಕು ಬಗೆಯ ಜೇನು

ಮರದಲ್ಲಿ ಜೇನು ಕಂಡೊಡನೆ ಅದನ್ನು ಇಳಿಸಲು ಹೊರಡುವಂತಿಲ್ಲ. ಅದು ಯಾವ ಬಗೆಯದೆಂದು ತಿಳಿಯಬೇಕು. ನಮ್ಮ ನಾಡಿನಲ್ಲಿ ಸಾಮಾನ್ಯವಾಗಿ ಕಾಣುವ ಬಗೆಗಳು ನಾಲ್ಕು.

ಮೊದಲನೆಯದು ಹೆಜ್ಜೇನು. ಎತ್ತರದ ಮರದ ಕೊಂಬೆಗೋ ಬಂಡೆಯ ಚಾಚಿಗೋ ಬಯಲಿನಲ್ಲಿಯೇ ಒಂದೇ ದೊಡ್ಡ ಎರಿಯನ್ನು ಕಟ್ಟುತ್ತದೆ. 'ಪೆರ್' (ಹಿರಿದು) ಎಂಬುದು 'ಜೇನ್' ಎಂಬುದರೊಡನೆ ಕೂಡಿ, ರೇಫವು ಮುಂದಿನ ಜಕಾರದಲ್ಲಿ ಲೀನವಾಗಿ ದ್ವಿತ್ವ ಬಂದು, ಪದಾದಿಯ ಪಕಾರವು ಹಕಾರವಾದಾಗ 'ಹೆಜ್ಜೇನು' ಸಿದ್ಧವಾಗುತ್ತದೆ. ಹೆಮ್ಮರ, ಹೆದ್ದಾರಿ, ಹೆಬ್ಬಾಗಿಲುಗಳ ದಾರಿಯೂ ಇದೇ. ಮಲಯಾಳದ 'ಪೆರುಂತೇನ್' ಎಂಬಲ್ಲಿ ಪಕಾರ, ತಕಾರಗಳೆರಡೂ ಹಾಗೆಯೇ ಉಳಿದಿರುವುದನ್ನು ಗಮನಿಸಬಹುದು. ಹೆಜ್ಜೇನು ಪೆಟ್ಟಿಗೆಯ ಕತ್ತಲೆಯಲ್ಲಿ ನಿಲ್ಲುವ ಜಾತಿಯಲ್ಲ. ಕೆರಳಿದರೆ ಹಿಂಡಾಗಿ ಬೆನ್ನಟ್ಟುತ್ತದೆ. ಪರಂಪರೆಯಿಂದ ಪಳಗಿದವರ ಹೊರತು ಇತರರು ಅದರ ಮರವನ್ನು ಏರುವುದು ಪ್ರಾಣಕ್ಕೆ ಸಂಚಕಾರ.

ಎರಡನೆಯದು ಕೋಲುಜೇನು. ಪೊದೆಯ ತೆಳುಗಡ್ಡಿಯನ್ನು ಸುತ್ತಿ ಅಂಗೈಯಗಲದ ಒಂದು ಎರಿ ಕಟ್ಟುವ ಪುಟ್ಟ ಜೇನು. ಮೂರನೆಯದು ಕೊಂಡಿಯಿಂದ ಚುಚ್ಚದ, ಗೋಡೆಯ ಸಂದಿನಲ್ಲಿ ನೆಲೆಸುವ ಮುಜಂಟಿ. ಇದನ್ನು ಮಿಸರಿ, ನಸರಿ ಎಂದೂ ಕರೆಯುವುದುಂಟು. ನಾಲ್ಕನೆಯದು ತುಡುವೆ. ಮರದ ಪೊಟರೆ, ಹುತ್ತ, ಕಲ್ಲಿನ ಬಿರುಕು ಮುಂತಾದ ಕತ್ತಲೆಯ ಎಡೆಗಳಲ್ಲಿ ಒಂದಕ್ಕೊಂದು ಸಮಾನಾಂತರವಾಗಿ ಹಲವು ಎರಿಗಳನ್ನು ಇಳಿಬಿಡುವ ಜೇನು ಇದು. ಕತ್ತಲೆಯ ಪೊಟರೆಯಲ್ಲಿ ಬಾಳುವ ಜೇನು ಕತ್ತಲೆಯ ಪೆಟ್ಟಿಗೆಯಲ್ಲಿಯೂ ಬಾಳಬಲ್ಲದು. ಮರದಿಂದ ಇಳಿಸಿ ಮನೆಯ ಬಳಿ ಕೂರಿಸುವ ಮಾತು ಬಂದಾಗ, ಅದು ತುಡುವೆಯ ಮಾತೇ ಸರಿ.

ಕೀಳುವುದು ಮತ್ತು ಕೂರಿಸುವುದು

ಜೇನಿನ ಸಂಬಂಧದಲ್ಲಿ ಕನ್ನಡ ಎರಡು ಕ್ರಿಯಾಪದಗಳನ್ನು ಬಳಸುತ್ತದೆ. 'ಜೇನು ಕೀಳುವುದು' ಒಂದು. ಹಲ್ಲು ಕೀಳುವುದು, ಕಳೆ ಕೀಳುವುದು ಎಂಬಲ್ಲಿರುವ ಕ್ರಿಯೆಯೇ ಇದು. ಇದ್ದ ನೆಲೆಯಿಂದ ಬೇರ್ಪಡಿಸುವುದು ಅದರ ಅರ್ಥ. ಕಿತ್ತವನಿಗೆ ತುಪ್ಪ ಸಿಗುತ್ತದೆ, ಮರಿಗಳು ಸಾಯುತ್ತವೆ, ಅಳಿದುಳಿದ ನೊಣಗಳು ನೆಲೆ ತಪ್ಪಿ ಹಾರಿಹೋಗುತ್ತವೆ. 'ಜೇನು ಕೂರಿಸುವುದು' ಇನ್ನೊಂದು. ಗಣಪತಿಯನ್ನು ಕೂರಿಸುವುದು, ಅತಿಥಿಯನ್ನು ಕೂರಿಸುವುದು ಎಂಬಲ್ಲಿರುವ ಗೌರವ ಈ ಕ್ರಿಯೆಗೂ ಸಂದಿದೆ. ಕರೆತಂದವರನ್ನು ನಿಲ್ಲುವಂತೆ ಮಾಡುವುದು ಅದರ ಭಾವ. ಒಂದೇ ಮರ, ಒಂದೇ ಹಗ್ಗ, ಒಂದೇ ಹೊಗೆ. ಆದರೆ ಕೀಳುವವನ ಕೈ ಮೊದಲು ತುಪ್ಪದ ಎರಿಗೆ ಹೋಗುತ್ತದೆ, ಕೂರಿಸುವವನ ಕೈ ಮೊದಲು ಮರಿಯ ಎರಿಗೆ ಹೋಗುತ್ತದೆ.

ಮರದ ಕೆಳಗಿನ ಕೆಲಸ

ಅನುಭವಿಗಳು ಮರ ಏರುವ ಮೊದಲು ಒಂದೆರಡು ದಿನ ಮರದ ಕೆಳಗೆ ನಿಂತು ನೋಡುತ್ತಾರೆ. ನೊಣಗಳು ಪೊಟರೆಯ ಯಾವ ಬಾಯಿಂದ ಬಂದುಹೋಗುತ್ತವೆ, ಎರಡನೆಯ ಬಾಯಿ ಇದೆಯೇ ಎಂಬುದು ಮೊದಲ ಪರೀಕ್ಷೆ. ಒಳಬರುವ ನೊಣಗಳ ಹಿಂಗಾಲುಗಳಲ್ಲಿ ಹಳದಿಯ ಪರಾಗದ ಉಂಡೆಗಳು ಕಾಣುತ್ತವೆಯೇ ಎಂಬುದು ಎರಡನೆಯದು. ಪರಾಗ ಮರಿಗಳ ಆಹಾರಕ್ಕೆ ಬೇಕಾದುದು. ಅದು ತಪ್ಪದೆ ಬರುತ್ತಿದ್ದರೆ ಒಳಗೆ ಮರಿಗಳಿವೆ, ಮೊಟ್ಟೆಯಿಡುವ ರಾಣಿಯೂ ಇದ್ದಾಳೆ ಎಂದು ಊಹಿಸಬಹುದು.

ಕಾಲದ ಆಯ್ಕೆಯೂ ಮುಖ್ಯ. ಕಾಸರಗೋಡಿನಂತಹ ಕರಾವಳಿಯ ನೆಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದು ಹೂವು ವಿರಳವಾಗುತ್ತದೆ. ಅದು ಜೇನಿಗೆ ಬರಗಾಲ. ಆಗ ಗೂಡು ಕದಲಿಸಿದರೆ ಕುಟುಂಬ ಚೇತರಿಸಿಕೊಳ್ಳುವುದು ಕಷ್ಟ. ಅಕ್ಟೋಬರ್ ಕಳೆದ ಮೇಲೆ ಮರಿಗಳು ಹೆಚ್ಚಿ ಕುಟುಂಬ ಬೆಳೆಯುತ್ತದೆ. ಜನವರಿಯಿಂದ ತುಪ್ಪದ ಹಂಗಾಮು. ಬೆಳವಣಿಗೆಯ ತಿಂಗಳುಗಳಲ್ಲಿ ಇಳಿಸಿದ ಕುಟುಂಬ ಹೊಸ ಮನೆಗೆ ಬೇಗ ಹೊಂದಿಕೊಳ್ಳುತ್ತದೆ.

ಹೊತ್ತಿನ ಆಯ್ಕೆ ಇದಕ್ಕೆ ಪೂರಕ. ಸಂಜೆಗೆ ಮುನ್ನ ಕೆಲಸ ಆರಂಭಿಸಿದರೆ ಕತ್ತಲಾಗುವಷ್ಟರಲ್ಲಿ ಮೇಯಲು ಹೋದ ನೊಣಗಳೆಲ್ಲ ಮರಳಿ ಬಂದು ಸೇರುತ್ತವೆ. ನಡುಹಗಲಿನಲ್ಲಿ ಪೆಟ್ಟಿಗೆ ಹೊತ್ತು ಹೊರಟವನು ಅರ್ಧ ಕುಟುಂಬವನ್ನು ಮರದಲ್ಲಿಯೇ ಬಿಟ್ಟು ಹೋದಂತಾಗುತ್ತದೆ.

ಮರದ ಮೇಲಿನ ಕೆಲಸ

ಅಡಕೆ, ತೆಂಗಿನಂತಹ ಕಂಬಮರಗಳನ್ನು ಕಾಲಿಗೆ ತಳೆ ಹಾಕಿ ಏರಬಹುದು. ಪೊಟರೆಯುಳ್ಳ ಹಳೆಯ ಮಾವು, ಹಲಸು, ತಾರೆಗಳ ಬೊಡ್ಡೆ ತಬ್ಬಿಗೆ ಸಿಗುವುದಿಲ್ಲ; ಅಲ್ಲಿ ಕಾಳುಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿ ಬೇಕು. ಏಣಿಯ ತುದಿಯನ್ನು ಮರಕ್ಕೆ ಬಿಗಿದು, ಏರಿದವನು ತನ್ನ ಸೊಂಟವನ್ನು ಪ್ರತ್ಯೇಕ ಹಗ್ಗದಿಂದ ಗಟ್ಟಿ ಕೊಂಬೆಗೆ ಕಟ್ಟಿಕೊಳ್ಳಬೇಕು. ಎತ್ತರದಲ್ಲಿ ನೊಣದ ಕೊಂಡಿಗಿಂತ ಅದರಿಂದ ಉಂಟಾಗುವ ಬೆಚ್ಚು ಹೆಚ್ಚು ಅಪಾಯಕಾರಿ. ಚುಚ್ಚಿಸಿಕೊಂಡವನು ಕೈಬಿಟ್ಟರೆ ಉಳಿಯುವುದು ಆ ಹಗ್ಗವೊಂದೇ. ಸಾಮಾನುಗಳನ್ನು ಏರಿಸಲು, ಜೇನನ್ನು ಇಳಿಸಲು ಮತ್ತೊಂದು ಹಗ್ಗ ಬೇಕು. ಅದರ ಬುಡ ನೆಲದಲ್ಲಿರುವ ಜೊತೆಗಾರನ ಕೈಯಲ್ಲಿರುತ್ತದೆ. ಒಂಟಿಯಾಗಿ ಮಾಡುವ ಕೆಲಸ ಇದಲ್ಲ. ಜೇನು ಕಚ್ಚಿದರೆ ಮೈಯೆಲ್ಲ ಊದಿ ಉಸಿರು ಕಟ್ಟುವ ಪ್ರಕೃತಿಯವರು ಮರದ ಹತ್ತಿರವೂ ನಿಲ್ಲಬಾರದು.

ತೆಂಗಿನ ಸಿಪ್ಪೆಯ ಹೊಗೆಯನ್ನು ಪೊಟರೆಯ ಬಾಯಿಗೆ ಮೆಲ್ಲನೆ ಊದಲಾಗುತ್ತದೆ. ಹೊಗೆ ಎರಡು ಕೆಲಸ ಮಾಡುತ್ತದೆ. ಕಾವಲಿನ ನೊಣ ಚುಚ್ಚಿದಾಗ ಹೊರಡುವ ಒಂದು ವಾಸನೆ ಉಳಿದವಕ್ಕೆ ದಾಳಿಯ ಕರೆಯಾಗುತ್ತದೆ. ಹೊಗೆ ಆ ವಾಸನೆಯನ್ನು ಮರೆಮಾಡುತ್ತದೆ. ಅಲ್ಲದೆ ಹೊಗೆ ತಾಕಿದ ನೊಣಗಳು ಗೂಡು ಬಿಡಬೇಕಾದೀತೆಂಬಂತೆ ಹೊಟ್ಟೆತುಂಬ ತುಪ್ಪ ಹೀರಿ ಸೌಮ್ಯವಾಗುತ್ತವೆ. ಹೊಗೆ ಮಿತಿ ಮೀರಿದರೆ ಕುಟುಂಬವೇ ಗೂಡು ತೊರೆಯುವ ಸಂಭವವಿದೆ. ಚುಚ್ಚಿದ ಕೊಂಡಿಯನ್ನು ಹಿಚುಕದೆ ಉಗುರಿನಿಂದ ಕೂಡಲೇ ಕೆರೆದು ತೆಗೆದು, ಆ ಜಾಗಕ್ಕೂ ಹೊಗೆ ಹಿಡಿಯುವುದು ವಾಡಿಕೆ.

ಬಳಿಕ ಉಳಿಯಿಂದ ಪೊಟರೆಯ ಬಾಯಿಯನ್ನು ಕೈ ಹಿಡಿಸುವಷ್ಟು ಮಾತ್ರ ಅಗಲಿಸಬೇಕು. 'ಪೊಟರೆ' ಎಂಬ ಪದವೂ ಇಲ್ಲಿ ಒಂದು ಕ್ಷಣ ನಿಲ್ಲಿಸುತ್ತದೆ. ಪಾಲು ಹಾಲಾಗಿ, ಪೂವು ಹೂವಾಗಿ, ಪೆರ್ಜೇನು ಹೆಜ್ಜೇನಾದ ಭಾಷೆಯಲ್ಲಿ ಪೊಟರೆ ತನ್ನ ಪಕಾರವನ್ನು ಬಿಟ್ಟುಕೊಡದೆ ಉಳಿದಿದೆ.

ಎರಿಯ ಲೆಕ್ಕ

ತೆರೆದ ಪೊಟರೆಯೊಳಗೆ ಸಾಮಾನ್ಯವಾಗಿ 5ರಿಂದ 8 ಎರಿಗಳು ತೂಗಿರುತ್ತವೆ. ತುಪ್ಪ ಎರಿಗಳ ಮೇಲುಭಾಗದಲ್ಲಿಯೂ ಅಂಚಿನ ಎರಿಗಳಲ್ಲಿಯೂ ತುಂಬಿರುತ್ತದೆ. ನಡುವಿನ ಎರಿಗಳಲ್ಲಿ ಮೊಟ್ಟೆ, ಮರಿ, ಮುಚ್ಚಿದ ಕೋಶಗಳು. ಮರಿಗಳ ಈ ನಡುಮನೆಯನ್ನು ನೊಣಗಳು ಸುಮಾರು 33ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸುಪಿನಲ್ಲಿ ಕಾಯುತ್ತವೆ. ಎರಿ ಹೊರಗೆ ಬಂದ ಕ್ಷಣದಿಂದ ಆ ಬಿಸುಪು ಇಳಿಯತೊಡಗುವುದರಿಂದ ಮುಂದಿನ ಕೆಲಸ ನಿಧಾನಿಸುವಂತಿಲ್ಲ.

ತುಪ್ಪದ ಅಂಚನ್ನು ಕತ್ತರಿಸಿ ಮುಚ್ಚಳವಿರುವ ಪಾತ್ರೆಗೆ ಹಾಕಬೇಕು. ಸೋರಿದ ತುಪ್ಪದಲ್ಲಿ ನೊಣಗಳು ಅಂಟಿ ಸಾಯುತ್ತವೆ. ಇರುವೆಗಳು ದಾರಿ ಹಿಡಿಯುತ್ತವೆ. ಮರಿಯ ಎರಿಯನ್ನು ಹರಿತವಾದ ಚೂರಿಯಿಂದ ಬುಡದಲ್ಲಿ ಕೊಯ್ದು, ಅಂಗೈ ಮೇಲೆ ತಾಳಿ, ಮರದ ಚೌಕಟ್ಟಿನೊಳಗೆ ಕೂಡಿಸಿ ಬಾಳೆನಾರಿನಿಂದ ಕಟ್ಟಬೇಕು. ಪೊಟರೆಯಲ್ಲಿ ಮೇಲಾಗಿದ್ದ ಅಂಚು ಚೌಕಟ್ಟಿನಲ್ಲಿಯೂ ಮೇಲೆಯೇ ಬರಬೇಕು, ಏಕೆಂದರೆ ಕೋಶಗಳು ತುಸು ಮೇಲ್ಮೊಗವಾಗಿ ಕಟ್ಟಲ್ಪಟ್ಟಿರುತ್ತವೆ. ಕೆಲವೇ ದಿನಗಳಲ್ಲಿ ನೊಣಗಳು ಮೇಣದಿಂದ ಎರಿಯನ್ನು ಚೌಕಟ್ಟಿಗೆ ಬೆಸೆದು, ಬೇಡವಾದ ನಾರನ್ನು ತಾವೇ ಕಡಿದು ಹೊರಹಾಕುತ್ತವೆ. ತಮಗಾಗಿ ಕಟ್ಟಿದ ಕಟ್ಟನ್ನು ತಾವೇ ಬಿಚ್ಚಿದಾಗ ಸಂಸಾರ ನಿಂತಿತೆಂದು ತಿಳಿಯಬೇಕು.

ಇಷ್ಟೆಲ್ಲದರ ನಡುವೆ ಕಣ್ಣು ರಾಣಿಯನ್ನು ಹುಡುಕುತ್ತಿರಬೇಕು. ಉದ್ದನೆಯ ಒಡಲಿನ, ಬೆಳಕಿಗೆ ಅಂಜಿ ಎರಿಯ ಹಿಂಬದಿಗೆ ಸರಿಯುವ ರಾಣಿಯನ್ನು ಕಂಡರೆ ಪುಟ್ಟ ರಾಣಿಪಂಜರದಲ್ಲಿಟ್ಟು ಪೆಟ್ಟಿಗೆಗೆ ಸೇರಿಸಬಹುದು. ರಾಣಿ ಸೇರಿದ ಮೇಲೆ ಉಳಿದ ನೊಣಗಳನ್ನು ಅಟ್ಟುವ ಅಗತ್ಯವಿಲ್ಲ. ಪೆಟ್ಟಿಗೆಯ ಬಾಯಲ್ಲಿ ಕೆಲವು ನೊಣಗಳು ಹಿಂಭಾಗ ಎತ್ತಿ ರೆಕ್ಕೆ ಬೀಸಿ ವಾಸನೆ ಹರಡುತ್ತವೆ. ಉಳಿದವು ಸಾಲುಗಟ್ಟಿ ಒಳನಡೆಯುತ್ತವೆ. ರಾಣಿ ಕೆಲಸದ ಗಡಿಬಿಡಿಯಲ್ಲಿ ಸತ್ತಳೆಂದುಕೊಂಡರೂ ಎಲ್ಲವೂ ಮುಗಿಯಲಿಲ್ಲ. ಕಟ್ಟಿದ ಎರಿಯಲ್ಲಿ ಮೊಟ್ಟೆಯೋ ಮೂರು ದಿನ ಮೀರದ ಮರಿಯೋ ಇದ್ದರೆ ಕೆಲಸಗಾರ ನೊಣಗಳು ಅದನ್ನೇ ರಾಣಿಯಾಗಿ ಬೆಳೆಸಬಲ್ಲವು. ಮೊಟ್ಟೆಯಿಂದ ರಾಣಿ ಹೊರಬರಲು ಸುಮಾರು 15–16 ದಿನ ಸಾಕು. ತುಪ್ಪದ ಎರಿಯನ್ನಷ್ಟೇ ತಂದವನಿಗೆ ಈ ಎರಡನೆಯ ಅವಕಾಶವಿಲ್ಲ.

ಇಳಿದ ಮೇಲೆ

ಪೆಟ್ಟಿಗೆಯನ್ನು ಪೊಟರೆಯ ಬಳಿಯೇ ಕಟ್ಟಿ ಕತ್ತಲಾಗುವವರೆಗೆ ಕಾದು, ಬಾಯಿಗೆ ಗಾಳಿಯಾಡುವ ಬಟ್ಟೆ ಮುಚ್ಚಿ, ಹಗ್ಗದಲ್ಲಿ ಅಲುಗದಂತೆ ಇಳಿಸಬೇಕು. ಮೇಯುವ ನೊಣ ತನ್ನ ಹಳೆಯ ದಾರಿಯನ್ನು ನೆನಪಿಟ್ಟಿರುತ್ತದೆ; ಪೆಟ್ಟಿಗೆಯನ್ನು ಅದೇ ತೋಟದ ಇನ್ನೊಂದು ಮೂಲೆಯಲ್ಲಿಟ್ಟರೆ ಮರುದಿನ ಅದು ಹಳೆಯ ಮರಕ್ಕೇ ಹೋಗುತ್ತದೆ. ಆದ್ದರಿಂದ ಒಂದೆರಡು ಕಿಲೋಮೀಟರ್ ಆಚೆಗೆ ಒಯ್ಯುವುದು ಅಥವಾ ಕೆಲವು ದಿನ ಮರದ ಬುಡದಲ್ಲಿಯೇ ಬಿಡುವುದು ರೂಢಿ. ಮೊದಲ ದಿನಗಳಲ್ಲಿ ಸಕ್ಕರೆ ಪಾಕ ಕೊಡಬೇಕು. ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟು ಇರುವೆಯನ್ನು ತಡೆಯಬೇಕು. ಕೆಲಸಗಾರ ನೊಣಗಳು ಮಾತ್ರ ನುಸುಳಬಲ್ಲ ರಾಣಿಗೇಟನ್ನು ಬಾಯಿಗೆ ಹಾಕಿದರೆ ರಾಣಿ ಹೊರಡಲಾರಳು, ರಾಣಿಯಿಲ್ಲದೆ ಕುಟುಂಬವೂ ಹೊರಡದು. ತುಡುವೆ ಸಣ್ಣ ಅಸಮಾಧಾನಕ್ಕೂ ಗೂಡು ತೊರೆಯುವ ಜಾತಿಯಾದುದರಿಂದ ಈ ಎಚ್ಚರ.

ಈ ಪೆಟ್ಟಿಗೆಗೂ ಒಂದು ಚರಿತ್ರೆಯಿದೆ. ಎರಿಗಳ ನಡುವೆ ನೊಣಗಳು ಬಿಟ್ಟುಕೊಳ್ಳುವ ಅಂತರವನ್ನು ಆಧರಿಸಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ತೆಗೆದಿಡಬಹುದಾದ ಚೌಕಟ್ಟಿನ ಪೆಟ್ಟಿಗೆಯನ್ನು ರೂಪಿಸಿದನು. ನಮ್ಮ ತುಡುವೆಯ ಗಾತ್ರಕ್ಕೆ ತಕ್ಕ ಪುಟ್ಟ ಪೆಟ್ಟಿಗೆಯನ್ನು 1910ರ ದಶಕದಲ್ಲಿ ತಿರುಚಿರಾಪಳ್ಳಿಯ ಕಡೆ ಫಾದರ್ ನ್ಯೂಟನ್ ಸಿದ್ಧಪಡಿಸಿದರು. ಅದು ಅವರ ಹೆಸರಿನಿಂದಲೇ ದಕ್ಷಿಣದಲ್ಲಿ ಹರಡಿತು. ಅದರ ಭಾಗಗಳಿಗೆ ಕನ್ನಡ ಕೊಟ್ಟ ಹೆಸರುಗಳು ಗಮನಾರ್ಹ. ಮರಿಗಳಿರುವ ಕೆಳಗಿನ ಅಂತಸ್ತು 'ಸಂಸಾರ ಕೋಣೆ'. ತುಪ್ಪ ತುಂಬುವ ಮೇಲಿನದು 'ಜೇನು ಕೋಣೆ'. ಅರ್ಧ ನೊಣಗಳು ಬೇರೆ ಹೊರಟರೆ ಜೇನು 'ಪಾಲಾಯಿತು' ಎನ್ನುತ್ತಾರೆ. ಅವಿಭಕ್ತ ಮನೆಯ ನಿಘಂಟೇ ಇಲ್ಲಿ ನೊಣಗಳ ಮನೆಗೆ ಬಂದು ನೆಲೆಸಿದೆ. ಕೀಳುವವನಿಗೆ ಈ ಪದಗಳು ಬೇಕಾಗುವುದಿಲ್ಲ. ಕೂರಿಸುವವನಿಗೆ ಇವಿಲ್ಲದೆ ಸಾಗುವುದಿಲ್ಲ.

ಇಳಿಸಬೇಕೆ, ಬಿಡಬೇಕೆ?

1991–92ರ ಸುಮಾರಿಗೆ ಕೇರಳ ಮತ್ತು ಕರ್ನಾಟಕದ ಕರಾವಳಿಯಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ಹಬ್ಬಿತು. ಮರಿಗಳು ಕೋಶದಲ್ಲಿಯೇ ನೀರು ತುಂಬಿದ ಚೀಲದಂತಾಗಿ ಸತ್ತವು. ಪೆಟ್ಟಿಗೆಯ ತುಡುವೆ ಕುಟುಂಬಗಳ ಬಹುಪಾಲು ಅಳಿದವು. ಅನೇಕ ಮನೆಗಳಲ್ಲಿ ಬರಿಯ ಪೆಟ್ಟಿಗೆಗಳು ಉಳಿದವು. ರೋಗವನ್ನು ತಾಳಿಕೊಂಡು ಬದುಕಿದ ಕುಟುಂಬಗಳಿಂದಲೇ ಜೇನುಸಾಕಣೆ ಮತ್ತೆ ಚಿಗುರಬೇಕಾಯಿತು. ಅಂತಹ ಹೊತ್ತಿನಲ್ಲಿ ಯಾರೂ ಸಾಕದ ಪೊಟರೆಯ ಜೇನು ಎಷ್ಟು ಬೆಲೆಯುಳ್ಳದ್ದೆಂಬುದು ಗೊತ್ತಾಗುತ್ತದೆ: ಕಾಡಿನ ಕುಟುಂಬ ಊರಿನ ಪೆಟ್ಟಿಗೆಗೆ ಬಿತ್ತನೆಯ ಬೀಜ.

ಆದ್ದರಿಂದ ಮರದಲ್ಲಿ ಕಂಡ ಜೇನನ್ನೆಲ್ಲ ಇಳಿಸುವುದು ಜಾಣತನವಲ್ಲ. ಮರ ನಿಲ್ಲುವುದಾದರೆ ಜೇನೂ ಅಲ್ಲಿಯೇ ನಿಲ್ಲಲಿ ಎಂಬುದು ವಿವೇಕ. ಕಾಡಿನ ಮರವಾದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮುಟ್ಟುವಂತೆಯೂ ಇಲ್ಲ. ಮರವೇ ಉರುಳಲಿರುವಾಗ ಪ್ರಶ್ನೆ ಬೇರೆಯಾಗುತ್ತದೆ. ತಲಪಾಡಿಯಿಂದ ತೆಂಕಣಕ್ಕೆ ರಾಷ್ಟ್ರೀಯ ಹೆದ್ದಾರಿ 66 ಅಗಲಗೊಂಡಾಗ ದಾರಿಬದಿಯ ಹಳೆಯ ಮರಗಳು ಧರೆಗುರುಳಿದವು. ಗರಗಸ ಬರುವ ಮುಂಚಿನ ಸಂಜೆ ಏಣಿ ಹೊತ್ತು ಬರುವವನೊಬ್ಬ ಊರಿನಲ್ಲಿದ್ದರೆ ಪೊಟರೆಯ ಸಂಸಾರ ಉಳಿಯುತ್ತದೆ. ಇಲ್ಲವಾದರೆ ಬಿದ್ದ ಬೊಡ್ಡೆಯಿಂದ ತುಪ್ಪ ನೆಕ್ಕಿ ಜನ ಮನೆಗೆ ಹೋಗುತ್ತಾರೆ.

ಆ ಒಬ್ಬನ ಕೈಚಳಕ ಅವನ ಮಾತಿನಲ್ಲಿಯೂ ಇದೆ. ಎರಿ, ಪೊಟರೆ, ತಳೆ, ಸಂಸಾರ ಕೋಣೆ, ಪಾಲು ಎಂಬ ಪದಗಳನ್ನು ಬಲ್ಲ ಹುಡುಗನಿಗೆ ಅವುಗಳ ಹಿಂದಿರುವ ಕೆಲಸವನ್ನು ತೋರಿಸಬಹುದು. ಎಲ್ಲಕ್ಕೂ 'ಜೇನು' ಎಂದಷ್ಟೇ ಹೇಳುವವನಿಗೆ ಮೊದಲು ಕಾಣುವುದು ತುಪ್ಪ. ಗಡಿನಾಡಿನ ಕನ್ನಡ ವಿದ್ಯಾರ್ಥಿಯು ತನ್ನ ಊರಿನ ಮರ ಏರುವವರ ಬಳಿ ಒಂದು ಸಂಜೆ ಕುಳಿತು ಇಂತಹ ಪದಗಳನ್ನು ಬರೆದುಕೊಂಡರೆ ಅದು ಭಾಷೆಯ ಅಧ್ಯಯನವೂ ಹೌದು, ಒಂದು ವಿದ್ಯೆಯನ್ನು ಕೂರಿಸಿಕೊಳ್ಳುವ ಕೆಲಸವೂ ಹೌದು.

ಅಭ್ಯಾಸಕ್ಕೆ

1. 'ಜೇನು' ಎಂಬ ಪದವು ನೊಣ, ತುಪ್ಪ, ಗೂಡು ಎಂಬ ಅರ್ಥಗಳಲ್ಲಿ ಬರುವ ತಲಾ ಎರಡು ವಾಕ್ಯಗಳನ್ನು ರಚಿಸಿರಿ. ಅವನ್ನು ನಿಮಗೆ ಬರುವ ನೆರೆಭಾಷೆಯಲ್ಲಿ ಹೇಳುವಾಗ ಎಲ್ಲಿ ಪದ ಬದಲಾಗುತ್ತದೆ?

2. ಹೆಜ್ಜೇನು, ಹೆಮ್ಮರ, ಹೆದ್ದಾರಿ, ಹೆಬ್ಬಾಗಿಲು: ಇವುಗಳನ್ನು ಬಿಡಿಸಿ ಬರೆದು, ಆಗಿರುವ ಧ್ವನಿವ್ಯತ್ಯಾಸಗಳನ್ನು ವಿವರಿಸಿರಿ.

3. 'ಪೊಟರೆ'ಯಂತೆ ಪದಾದಿಯ ಪಕಾರವನ್ನು ಉಳಿಸಿಕೊಂಡಿರುವ ಪದಗಳನ್ನು ನಿಮ್ಮ ಊರಿನ ಆಡುಮಾತಿನಿಂದ ಸಂಗ್ರಹಿಸಿರಿ. ಅವುಗಳಲ್ಲಿ ಅಚ್ಚಗನ್ನಡದವು ಯಾವುವು, ಎರವಲು ಬಂದವು ಯಾವುವು?

4. 'ಕೀಳು' ಮತ್ತು 'ಕೂರಿಸು' ಕ್ರಿಯಾಪದಗಳ ನಡುವಿನ ಭಾವಭೇದವನ್ನು ನಿಮ್ಮ ಮನೆಯ ಬೇರೊಂದು ಕಸುಬಿನ ಉದಾಹರಣೆಯೊಂದಿಗೆ ಒಂದು ಪುಟದಲ್ಲಿ ಬರೆಯಿರಿ.